ಅನಮೋಡ ಘಾಟಿನಲ್ಲಿ ಕುದಿದ ಮಾರುತಿ 800: ಇಂಜಿನ್ ಬಿಚ್ಚಿ ಅಳೆದ ದಿನಚರಿ

ಗಾಡಿ 1997ರ ಮಾರುತಿ 800. ಕಾರ್ಬ್ಯುರೇಟರ್ ಇರುವ ಹಳೇ ಮಾದರಿ, ಮೂರು ಸಿಲಿಂಡರ್, 796 ಸಿಸಿ. ಅಪ್ಪ ಧಾರವಾಡದಲ್ಲಿ ಓಡಿಸುತ್ತಿದ್ದರು. ಅವರು ಹೋದ ಮೇಲೆ ನಾನು ಗೋವಾದ ಪೋಂಡಾಕ್ಕೆ ತಂದೆ. ನಾನು ಕುಂಡಯಿ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡುತ್ತೇನೆ. ಮೈಕ್ರೋಮೀಟರ್ ಹಿಡಿಯುವುದು ಗೊತ್ತು, ಆದರೆ ಇಂಜಿನ್ ಪೂರ್ತಿ ಬಿಚ್ಚಿದ್ದು ಇದೇ ಮೊದಲು. ಕೆಲಸ ಇನ್ನೂ ಮುಗಿದಿಲ್ಲ. ಎಲ್ಲಿ ಸಿಕ್ಕಿಕೊಂಡಿದ್ದೇನೆ ಅನ್ನೋದು ಕೊನೆಗೆ ಬರುತ್ತದೆ.

ಮೇ 3, ಶನಿವಾರ

ಅವ್ವನನ್ನು ನೋಡಲು ಧಾರವಾಡಕ್ಕೆ ಹೊರಟಿದ್ದೆ. ಮೊಲೆಂ ದಾಟಿ ಅನಮೋಡ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿತು. ಮುಂದೆ ಲಾರಿ, ಹಿಂದೆ ಬಸ್ಸು. ನಿಲ್ಲಿಸಲು ಜಾಗ ಕಾಣಲಿಲ್ಲ. ಸ್ವಲ್ಪ ಮುಂದೆ ನಿಲ್ಲಿಸೋಣ ಅಂತ ಸುಮಾರು 2 ಕಿ.ಮೀ. ಹಾಗೇ ಓಡಿಸಿದೆ. ಮುಳ್ಳು ಕೊನೆಯ ಗೆರೆ ಮುಟ್ಟಿದ ಮೇಲೂ ಓಡಿಸಿದೆ. ಸಿಲಿಂಡರುಗಳಿರುವ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಹಾಳಾಗಿದ್ದು ಆ 2 ಕಿ.ಮೀ.ನಲ್ಲೇ. ಅಲ್ಲೇ ರಸ್ತೆ ಬದಿಗೆ ಅರ್ಧ ಚಕ್ರ ಇಳಿಸಿ ಬಂದ್ ಮಾಡಿದ್ದರೆ ಬರೀ ಗ್ಯಾಸ್ಕೆಟ್ಟಿನಲ್ಲಿ, ಅಂದರೆ ಹೆಡ್ ಮತ್ತು ಬ್ಲಾಕಿನ ನಡುವಿನ ಸೀಲು ಬದಲಿಸುವುದರಲ್ಲಿ ಮುಗಿಯುತ್ತಿತ್ತೇನೋ.

ಇಂಜಿನ್ ತಾನಾಗಿ ನಿಂತಿತು. ಸೈಲೆನ್ಸರಿನಿಂದ ಬಿಳಿ ಹಬೆ. ಎಳೆದು ತರಲು ₹2,500.

ಮೇ 4

ಡಿಪ್‌ಸ್ಟಿಕ್ ತೆಗೆದು ನೋಡಿದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಬೆರೆತಿದೆ ಅನ್ನೋದು ಖಾತ್ರಿಯಾಯಿತು.

ಬಿಚ್ಚುವ ಮೊದಲು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ ಎಷ್ಟು ಏರುತ್ತದೆ ಅನ್ನೋದು) ನೋಡಬೇಕು ಅಂತ ₹850 ಕೊಟ್ಟು ಗೇಜ್ ತಂದೆ. ಮೂರೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಸೆಲ್ಫ್ ಹೊಡೆಸಿದೆ. ಒಂದನೇ ಸಿಲಿಂಡರ್ 150 ಪಿಎಸ್‌ಐ, ಎರಡನೆಯದು 70, ಮೂರನೆಯದು 75. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿವೆ ಅಂದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಜಾಸ್ತಿ. ಪ್ಲಗ್ ತೂತಿನಿಂದ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಒಂದನೆಯದು 165ಕ್ಕೆ ಏರಿತು. ಅಂದರೆ ಅಲ್ಲಿ ಪಿಸ್ಟನ್ನಿನ ಸುತ್ತ ಗಾಳಿ ಸೋರದಂತೆ ತಡೆಯುವ ರಿಂಗ್ ಸವೆದಿದೆ. ಎರಡು ಮತ್ತು ಮೂರರಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಆಯಿಲ್ ಹಾಕಿದರೂ ಏರದಿದ್ದರೆ ಗಾಳಿ ರಿಂಗಿನ ಕಡೆಯಿಂದ ಹೋಗುತ್ತಿಲ್ಲ, ಗ್ಯಾಸ್ಕೆಟ್ ಅಥವಾ ವಾಲ್ವ್ ಕಡೆಯಿಂದ ಹೋಗುತ್ತಿದೆ.

ಹತ್ತು ನಿಮಿಷದ ಕೆಲಸ. ಇಂಜಿನ್ ಬಿಚ್ಚುವವರು ಯಾರೂ ಇದನ್ನು ಬಿಡಬಾರದು. ಒಮ್ಮೆ ಬಿಚ್ಚಿದ ಮೇಲೆ ಈ ಮಾಹಿತಿ ಮತ್ತೆ ಸಿಗುವುದಿಲ್ಲ.

ಮೇ 10 ಮತ್ತು 11

ಇಂಜಿನ್ ಕೆಳಗಿಳಿಸುವ ಕೆಲಸ. ಬರೀ ಹೆಡ್ ಬಿಚ್ಚುವುದಾದರೆ ಗಾಡಿಯಲ್ಲೇ ಆಗುತ್ತದೆ. ಪಿಸ್ಟನ್ನುಗಳು ತಿರುಗಿಸುವ ಶಾಫ್ಟು, ಅಂದರೆ ಕ್ರ್ಯಾಂಕ್ ನೋಡಬೇಕು ಅಂದರೆ ಹೊರಗೆ ತೆಗೆಯಲೇಬೇಕು. ಬೋರ್‌ವೆಲ್ ಪಂಪ್ ಎತ್ತುವವರ ಹತ್ತಿರ ಮೂರು ಕಾಲಿನ ಪೈಪ್ ಸ್ಟ್ಯಾಂಡ್ ಮತ್ತು ಚೈನ್ ಬ್ಲಾಕ್ ಬಾಡಿಗೆಗೆ ಸಿಕ್ಕಿತು, ದಿನಕ್ಕೆ ₹300. ಬಾನೆಟ್, ಬ್ಯಾಟರಿ, ರೇಡಿಯೇಟರ್, ಕಾರ್ಬ್ಯುರೇಟರ್, ವೈರಿಂಗ್, ಸೈಲೆನ್ಸರ್ ಪೈಪ್, ಡ್ರೈವ್ ಶಾಫ್ಟ್ ಎಲ್ಲ ಬಿಡಿಸಿ, ಗೇರ್‌ಬಾಕ್ಸ್ ಸಮೇತ ಮೇಲೆತ್ತಿದೆವು. 10, 12, 14, 17ರ ಪಾನಾ ಮತ್ತು ಗೋಟಿ (ಸಾಕೆಟ್) ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ.

ಪ್ರತಿ ವೈರಿಗೂ ಮಾಸ್ಕಿಂಗ್ ಟೇಪ್ ಸುತ್ತಿ ನಂಬರ್ ಬರೆದೆ, ಪ್ರತಿ ಪೈಪಿನ ಫೋಟೋ ತೆಗೆದೆ. ಬೋಲ್ಟುಗಳನ್ನು ಜಿಪ್ ಚೀಲಗಳಿಗೆ ಹಾಕಿದೆ. ಮೊದಲ ದಿನ ಚೀಲದ ಮೇಲೆ ಬಾಲ್ ಪೆನ್ನಿನಲ್ಲಿ ಬರೆದಿದ್ದೆ. ಆಯಿಲ್ ಕೈ ತಾಗಿ ಮೂರು ಚೀಲಗಳ ಹೆಸರು ಅಳಿಸಿಹೋಯಿತು. ಆಮೇಲೆ ಕಾಗದದ ಚೀಟಿ ಬರೆದು ಚೀಲದ ಒಳಗೇ ಹಾಕತೊಡಗಿದೆ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಎರಡು ಗಂಟೆ ತಿಂದಿತು. ಮೊದಲು 12 ಮೂಲೆಯ ಗೋಟಿ ಹಾಕಿ ಎಳೆದೆ, ಬೋಲ್ಟಿನ ಮೂಲೆಗಳು ಸವೆಯತೊಡಗಿದವು. ಅಲ್ಲಿಗೆ ನಿಲ್ಲಿಸಿ 6 ಮೂಲೆಯ ಗೋಟಿ ತಂದೆ. ಫ್ಲೈವೀಲಿನ ಹಲ್ಲಿಗೆ ಕಬ್ಬಿಣದ ಆಂಗಲ್ ತುಂಡು ಸಿಕ್ಕಿಸಿ, ಗೋಟಿಯ ಹಿಡಿಗೆ ಮೂರಡಿ ಪೈಪ್ ತೊಡಿಸಿ ಎಳೆದಾಗ ಬಿಟ್ಟಿತು.

ಮೇ 17

ಟೈಮಿಂಗ್ ಬೆಲ್ಟ್ ಬಿಚ್ಚುವ ಮೊದಲು ಕ್ಯಾಮ್ ಪುಲ್ಲಿ ಮತ್ತು ಕ್ರ್ಯಾಂಕ್ ಪುಲ್ಲಿಯ ಗುರುತುಗಳನ್ನು ಹೊಂದಿಸಿ ಫೋಟೋ ತೆಗೆದೆ. ಆಮೇಲೆ ಹೆಡ್.

ಹೆಡ್ಡಿಗೆ ಎಂಟು ಬೋಲ್ಟ್. ಬ್ಲಾಕ್ ಬೀಡಿನದು, ಹೆಡ್ ಅಲ್ಯೂಮಿನಿಯಂ. ಒಂದೇ ಬೋಲ್ಟನ್ನು ಪೂರ್ತಿ ಸಡಿಲಿಸಿದರೆ ಹೆಡ್ ಸೊಟ್ಟಗಾಗುತ್ತದೆ. ತುದಿಯ ಬೋಲ್ಟಿನಿಂದ ಶುರುಮಾಡಿ ನಡುವಿನ ಕಡೆಗೆ ಬರುತ್ತಾ, ಒಂದು ಸುತ್ತಿಗೆ ಅರ್ಧ ತಿರುವಿನಂತೆ ಮೂರು ಸುತ್ತಿನಲ್ಲಿ ಸಡಿಲಿಸಿದೆ. ರಟ್ಟಿನ ಮೇಲೆ ಹೆಡ್ಡಿನ ಚಿತ್ರ ಬರೆದು ಎಂಟು ತೂತು ಮಾಡಿ, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ.

ಹೆಡ್ ಎತ್ತಿದ ಕೂಡಲೇ ಉತ್ತರ ಕಂಡಿತು. ಗ್ಯಾಸ್ಕೆಟ್ಟಿನಲ್ಲಿ ಎರಡು ಮತ್ತು ಮೂರನೇ ಸಿಲಿಂಡರ್ ನಡುವಿನ ಕಿರಿದಾದ ಪಟ್ಟಿ ಸುಟ್ಟು ಕಪ್ಪು ದಾರಿಯಾಗಿತ್ತು, ಸುಮಾರು 6 ಮಿ.ಮೀ. ಅಗಲ. ಒಂದನೇ ಪಿಸ್ಟನ್ ಮೇಲೆ ಕಾರ್ಬನ್ ದಪ್ಪಗೆ ಕೂತಿತ್ತು. ಎರಡನೇ ಪಿಸ್ಟನ್ನಿನ ತಲೆ ಮಾತ್ರ ತೊಳೆದ ಹಾಗೆ ಸ್ವಚ್ಛ. ಒಳಗೆ ನುಗ್ಗಿದ ನೀರು ಆವಿಯಾಗಿ ಕಾರ್ಬನ್ ಕಿತ್ತುಕೊಂಡು ಹೋಗಿದೆ. ಹೆಡ್ ಎತ್ತಿದ ತಕ್ಷಣ ಪಿಸ್ಟನ್‌ಗಳ ಬಣ್ಣ ನೋಡಿ, ಏನನ್ನೂ ಒರೆಸಬೇಡಿ. ನೀರು ಹೋಗಿದ್ದು ಯಾವ ಸಿಲಿಂಡರಿಗೆ ಅಂತ ಅದೇ ಹೇಳುತ್ತದೆ.

ಮೇ 18

ಇಂಜಿನ್ ತಲೆಕೆಳಗು ಮಾಡಿ ತಳದ ಆಯಿಲ್ ಚೇಂಬರ್ ಬಿಚ್ಚಿದೆ. ತಳದಲ್ಲಿ ಬೆಣ್ಣೆಯಂಥ ಬೂದು ಕೆಸರು. ಅದಕ್ಕಿಂತ ಬೇಜಾರಾಗಿದ್ದು ಆಯಿಲ್ ಪಂಪಿನ ಜಾಲರಿ ನೋಡಿ. ಅರ್ಧಕ್ಕೂ ಜಾಸ್ತಿ ಭಾಗ ಸಿಲಿಕೋನ್ ಎಳೆಗಳಿಂದ ಮುಚ್ಚಿತ್ತು. ಹಿಂದೆ ಒಂದು ಗ್ಯಾರೇಜಿನಲ್ಲಿ ಚೇಂಬರ್ ಸೋರಿಕೆ ನಿಲ್ಲಿಸಲು ಸಿಲಿಕೋನ್ ಹಚ್ಚಿದ್ದರು. ಹೊರಗೆ ಹಿಂಡಿ ಬಂದಷ್ಟೇ ಒಳಗೂ ಹಿಂಡಿ ಬಂದಿರುತ್ತದೆ. ಅದು ಒಣಗಿ, ಕಿತ್ತು, ಜಾಲರಿಗೆ ಬಂದು ಕೂತಿದೆ. ಚಿಮಟದಲ್ಲಿ ಒಂದೊಂದೇ ಎಳೆ ತೆಗೆದು ಕಾಗದದ ಮೇಲಿಟ್ಟೆ. ಹದಿನೇಳು ತುಂಡು.

ಈಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳು. ಪ್ರತಿ ರಾಡಿಗೂ ಅದರದೇ ಕ್ಯಾಪ್. ಎರಡನ್ನೂ ಜೋಡಿಸಿಯೇ ಕಾರ್ಖಾನೆಯಲ್ಲಿ ತೂತು ಕೊರೆದಿರುತ್ತಾರೆ, ಅದಲು ಬದಲಾದರೆ ಗುಂಡಗೆ ಕೂರುವುದಿಲ್ಲ. ಇದು ನನಗೆ ಗೊತ್ತಿತ್ತು. ಸೆಂಟರ್ ಪಂಚಿನಲ್ಲಿ ಒಂದನೆಯದಕ್ಕೆ ಒಂದು ಚುಕ್ಕೆ ಹೊಡೆದೆ. ಅಷ್ಟರಲ್ಲಿ ಅವ್ವನ ಫೋನ್ ಬಂತು. ಮಾತಾಡುತ್ತಲೇ ಎರಡು ಮತ್ತು ಮೂರರ ಕ್ಯಾಪ್ ಬಿಚ್ಚಿ ಒಂದೇ ತಟ್ಟೆಯಲ್ಲಿಟ್ಟೆ, ಚುಕ್ಕೆ ಇಲ್ಲದೆ. ಫೋನ್ ಇಟ್ಟ ಮೇಲೆ ಯಾವುದು ಯಾವುದರದು ಅಂತ ತಿಳಿಯಲಿಲ್ಲ.

ಬಿಡಿಸಿಕೊಳ್ಳಲು ಒಂದು ಗಂಟೆ ಹಿಡಿಯಿತು. ಒಂದು ಕ್ಯಾಪನ್ನು ರಾಡಿಗೆ ಕೂರಿಸಿ, ನಟ್ ಕೈಯಲ್ಲಿ ಬಿಗಿಸಿ, ಸಂದಿನ ಮೇಲೆ ಉಗುರು ಆಡಿಸಿ ನೋಡಿದೆ. ತಪ್ಪು ಜೋಡಿಯಲ್ಲಿ ಉಗುರಿಗೆ ಒಂದು ಮೆಟ್ಟಿಲು ಸಿಕ್ಕಿತು. ಸರಿ ಜೋಡಿಯಲ್ಲಿ ಉಗುರು ನುಣ್ಣಗೆ ದಾಟಿತು. ಆಮೇಲೆ ಭೂತಗನ್ನಡಿಯಲ್ಲಿ ಮಷಿನಿಂಗ್ ಗೆರೆಗಳು ರಾಡಿನಿಂದ ಕ್ಯಾಪಿಗೆ ಮುಂದುವರಿಯುತ್ತವೆಯೇ ಅಂತಲೂ ನೋಡಿ ಖಚಿತ ಮಾಡಿಕೊಂಡೆ. ಒಂದು ಕೆಲಸ ಪೂರ್ತಿ ಮುಗಿಯುವವರೆಗೆ ಫೋನ್ ಮನೆಯೊಳಗೆ ಇರಬೇಕು. ಅಂದಿನಿಂದ ಹಾಗೇ ಮಾಡುತ್ತಿದ್ದೇನೆ.

ಎರಡನೇ ತಪ್ಪೂ ಅದೇ ದಿನ. ಹಳೇ ಇಂಜಿನ್ನಿನಲ್ಲಿ ಸಿಲಿಂಡರಿನ ಮೇಲ್ತುದಿಯಲ್ಲಿ ರಿಂಗ್ ಮುಟ್ಟದ ಜಾಗ ಸವೆಯದೆ ಉಳಿದು ಒಂದು ಅಂಚಾಗಿರುತ್ತದೆ. ಅದನ್ನು ಕೆರೆದು ತೆಗೆದ ಮೇಲೆ ಪಿಸ್ಟನ್ ಹೊರದೂಡಬೇಕು. ನಾನು ಸುತ್ತಿಗೆಯ ಮರದ ಹಿಡಿಯಿಂದ ಹಾಗೇ ತಟ್ಟಿದೆ. ಎರಡನೇ ಪಿಸ್ಟನ್ ಬರುವಾಗ ಟಕ್ ಅಂತ ಶಬ್ದ. ಮೇಲಿನ ರಿಂಗ್ ಎರಡು ತುಂಡು.

ರಿಂಗ್ ಹೇಗಿದ್ದರೂ ಬದಲಿಸಬೇಕಿತ್ತು. ಆದರೆ ಇದು ಮೊದಲೇ ಮುರಿದಿತ್ತೋ, ಈಗ ಮುರಿಯಿತೋ ಅನ್ನುವ ಪ್ರಶ್ನೆ ಬಂತು. ಮೊದಲೇ ಮುರಿದಿದ್ದರೆ ಸಿಲಿಂಡರಿನಲ್ಲಿರುವ ಗೀರಿಗೆ ಅದೇ ಕಾರಣ ಆಗಿರಬಹುದು. ಮುರಿದ ತುದಿ ನೋಡಿದೆ. ಹರಳು ಹರಳಾಗಿ, ಹೊಳೆಯುವ ಬೂದು ಬಣ್ಣ. ಹಳೇ ಮುರಿತವಾಗಿದ್ದರೆ ಕಾರ್ಬನ್ ಹತ್ತಿ ಕಪ್ಪಾಗಿ, ಉಜ್ಜಿ ನುಣುಪಾಗಿ ಇರುತ್ತಿತ್ತು. ಮುರಿದಿದ್ದು ನಾನೇ. ಉಳಿದ ಎರಡು ಪಿಸ್ಟನ್ ತೆಗೆಯುವ ಮೊದಲು ಅಂಚನ್ನು ಸ್ಕ್ರೇಪರಿನಲ್ಲಿ ಕೆರೆದೆ. ಅವು ಸುಮ್ನೆ ಜಾರಿಕೊಂಡು ಬಂದವು.

ಎರಡನೇ ರಾಡಿನ ಬೇರಿಂಗ್ ಶೆಲ್ಲಿನಲ್ಲಿ ಬಿಳಿ ಲೋಹ ಹೋಗಿ ತಾಮ್ರ ಕಾಣುತ್ತಿತ್ತು. ಉಳಿದ ಎರಡು ಮಂಕಾಗಿದ್ದರೂ ಪದರ ಇತ್ತು. ಜಾಲರಿ ಮುಚ್ಚಿದ್ದು ಮತ್ತು ಆಯಿಲಿಗೆ ನೀರು ಸೇರಿದ್ದು, ಎರಡೂ ಇಲ್ಲಿಗೆ ಬಂದು ಮುಟ್ಟಿವೆ.

ಮೇ 24

ಗ್ಯಾಸ್ಕೆಟ್ ಸುಟ್ಟಿದ್ದು ಬಿಸಿಯಿಂದ. ಬಿಸಿಯಾಗಿದ್ದು ನೀರು ಕಡಿಮೆಯಾಗಿ. ನೀರು ಎಲ್ಲಿ ಹೋಯಿತು? ಇದು ಗೊತ್ತಾಗದೆ ಇಂಜಿನ್ ಕಟ್ಟಿದರೆ ಮತ್ತೆ ಅದೇ ಘಾಟಿನಲ್ಲಿ ನಿಲ್ಲಬೇಕಾಗುತ್ತದೆ.

ಆರು ತಿಂಗಳಿಂದ ವಾರಕ್ಕೆ ಅರ್ಧ ಲೀಟರ್ ನೀರು ತುಂಬುತ್ತಿದ್ದೆ. ಹಳೇ ಗಾಡಿ, ಸ್ವಲ್ಪ ಕುಡಿಯುತ್ತೆ ಬಿಡು ಅಂದುಕೊಂಡಿದ್ದೆ. ರೇಡಿಯೇಟರ್ ಮುಚ್ಚಳ ಬದಲಿಸಿದ್ದೆ, ಪೈಪಿನ ಕ್ಲಿಪ್ ಬದಲಿಸಿದ್ದೆ. ಕೆಳಗೆ ಒಂದು ಹನಿಯೂ ಬಿದ್ದದ್ದು ಕಂಡಿರಲಿಲ್ಲ.

ಬ್ಲಾಕನ್ನು ಡೀಸೆಲಿನಲ್ಲಿ ತೊಳೆದು, ವೈರ್ ಬ್ರಷ್ ಹಾಕುವಾಗ ಸಿಕ್ಕಿತು. ಬ್ಲಾಕಿನ ಬದಿಯಲ್ಲಿ ಬಟ್ಟಲಿನ ಆಕಾರದ ತಗಡಿನ ಕೋರ್ ಪ್ಲಗ್‌ಗಳು ಇರುತ್ತವೆ. ಮ್ಯಾನಿಫೋಲ್ಡ್ ಅಡಿಯಲ್ಲಿ ಮರೆಯಾಗಿದ್ದ ಒಂದು ಪ್ಲಗ್ಗಿನ ಸುತ್ತ ಬಿಳಿ, ಕೆಂಪು ಕಲೆ. ಸಣ್ಣ ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ, ಕಾಗದದ ಹಾಗೆ ಒಳಗೆ ಹೋಯಿತು. ನೀರು ಅಲ್ಲಿಂದ ಸೂಜಿ ಮೊನೆಯಷ್ಟು ಸೋರಿ, ಬಿಸಿ ಬ್ಲಾಕಿನ ಮೇಲೇ ಆರಿಹೋಗುತ್ತಿತ್ತು. ಅದಕ್ಕೇ ನೆಲಕ್ಕೆ ಹನಿ ಬೀಳಲಿಲ್ಲ.

ಎಲ್ಲ ಪ್ಲಗ್ ತೆಗೆದೆ. ಒಳಗೆ ಮೂರನೇ ಸಿಲಿಂಡರಿನ ಸುತ್ತ ಕೆಂಪು ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿತ್ತು. ಸೈಕಲ್ ಬ್ರೇಕಿನ ಹಳೇ ತಂತಿ ತೂರಿಸಿ ಕೆದಕಿದಾಗ ಎರಡು ಲೋಟ ತುಂಬ ಬಂತು. ನೀರು ಓಡಾಡುವ ದಾರಿಯೇ ಅರ್ಧ ಮುಚ್ಚಿದ್ದರೆ ರೇಡಿಯೇಟರ್ ಎಷ್ಟು ಚೆನ್ನಾಗಿದ್ದು ಏನು ಉಪಯೋಗ, ಅಲ್ವಾ?

ಇದು ನನ್ನದೇ ತಪ್ಪು. ಅಪ್ಪ ತಪ್ಪದೆ ಕೂಲೆಂಟ್ ಹಾಕಿಸುತ್ತಿದ್ದರು. ನಾನು ಇಲ್ಲಿಗೆ ತಂದ ಮೇಲೆ ಐದು ವರ್ಷ ಮನೆಯ ಬಾವಿ ನೀರು ಹಾಕಿದೆ. ಗೋವಾದಲ್ಲಿ ಹಿಮ ಬೀಳುತ್ತದೆಯೇ, ಕೂಲೆಂಟ್ ಯಾಕೆ ಅಂತ ನನ್ನ ತರ್ಕ. ಕೂಲೆಂಟ್ ಹೆಪ್ಪುಗಟ್ಟದಂತೆ ತಡೆಯುವುದರ ಜೊತೆಗೆ ತುಕ್ಕನ್ನೂ ತಡೆಯುತ್ತದೆ, ನೀರು ಕುದಿಯುವ ಮಟ್ಟವನ್ನೂ ಸ್ವಲ್ಪ ಏರಿಸುತ್ತದೆ. ಬೀಡಿನ ಬ್ಲಾಕ್, ಅಲ್ಯೂಮಿನಿಯಂ ಹೆಡ್, ತಗಡಿನ ಪ್ಲಗ್ ಎಲ್ಲ ಒಂದೇ ನೀರಿನಲ್ಲಿ ಮುಳುಗಿರುವಾಗ ಬರೀ ನೀರು ಹಾಕುವುದು ತುಕ್ಕಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ನೀರಿನ ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇರಬೇಕಾದ ಜಾಗವೂ ಖಾಲಿ ಇತ್ತು. ಯಾವಾಗ ಯಾರು ತೆಗೆದರೋ, ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ.

ಮೇ 31

ಅಳತೆಯ ದಿನ. ಟೂಲ್ ರೂಮಿನ ಸಾಹೇಬರ ಅನುಮತಿ ಪಡೆದು ಸಿಲಿಂಡರಿನ ಒಳ ಅಗಲ ಅಳೆಯುವ ಬೋರ್ ಗೇಜ್, 50ರಿಂದ 75 ಮಿ.ಮೀ.ನ ಮೈಕ್ರೋಮೀಟರ್ ಮತ್ತು ಸಮತಟ್ಟು ನೋಡುವ ಸ್ಟ್ರೇಟ್ ಎಡ್ಜ್ ಮನೆಗೆ ತಂದಿದ್ದೆ.

ಈ ಇಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 68.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 72. ಪ್ರತಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಮೂರು ಎತ್ತರದಲ್ಲಿ, ಪ್ರತಿ ಎತ್ತರದಲ್ಲಿ ಎರಡು ದಿಕ್ಕಿನಲ್ಲಿ ಅಳೆಯಬೇಕು. ಒಂದು ದಿಕ್ಕು ಕ್ರ್ಯಾಂಕಿನ ಉದ್ದಕ್ಕೆ, ಇನ್ನೊಂದು ಅದಕ್ಕೆ ಅಡ್ಡಲಾಗಿ. ಪಿಸ್ಟನ್ ಅಡ್ಡ ದಿಕ್ಕಿಗೇ ಒತ್ತುವುದರಿಂದ ಸವೆತ ಅಲ್ಲೇ ಜಾಸ್ತಿ. ಒಟ್ಟು 18 ಅಳತೆ. ಎಲ್ಲ ಮುಗಿಸಿ, ನೋಟ್‌ಬುಕ್ಕಿನಲ್ಲಿ ಕೋಷ್ಟಕ ಬರೆದು, ಮೈಕ್ರೋಮೀಟರ್ ಡಬ್ಬಿಗೆ ಹಾಕುವಾಗ 50ರ ಸ್ಟ್ಯಾಂಡರ್ಡ್ ಸಲಾಕೆ ಕಣ್ಣಿಗೆ ಬಿತ್ತು. ಅಳೆದು ನೋಡಿದೆ. 49.98 ತೋರಿಸಿತು.

ಬೋರ್ ಗೇಜನ್ನು ಸೊನ್ನೆಗೆ ಕೂರಿಸಿದ್ದು ಇದೇ ಮೈಕ್ರೋಮೀಟರಿನಲ್ಲಿ. ಅಂದರೆ 18 ಅಳತೆಯೂ 0.02 ತಪ್ಪು. ಒಂದಕ್ಕೊಂದರ ವ್ಯತ್ಯಾಸ ಸರಿಯಾಗೇ ಇರುತ್ತದೆ, ಆದರೆ ಎಷ್ಟು ಓವರ್‌ಸೈಜ್ (ಮೂಲಕ್ಕಿಂತ ದೊಡ್ಡ) ಪಿಸ್ಟನ್ ತರಬೇಕು ಅನ್ನೋದು ನಿಜವಾದ ಅಳತೆಯ ಮೇಲೆ ನಿಂತಿದೆ. ಹಗಲೆಲ್ಲ ಬೇರೆಯವರ ಉಪಕರಣ ಪರೀಕ್ಷಿಸುವ ಕೆಲಸ ನನ್ನದು. ಮನೆಗೆ ತಂದಾಗ ಅದೇ ಮೊದಲ ಹೆಜ್ಜೆ ಮರೆತೆ. ತಿದ್ದಿ ಬರೆಯುವ ಬದಲು ಮರುವಾರ ಎಲ್ಲವನ್ನೂ ಹೊಸದಾಗಿ ಅಳೆಯುವುದು ಅಂತ ತೀರ್ಮಾನಿಸಿದೆ.

ಹೆಡ್ ಮಾತ್ರ ಅವತ್ತೇ ನೋಡಿದೆ. ಸ್ಟ್ರೇಟ್ ಎಡ್ಜ್ ಇಟ್ಟು ಕೆಳಗೆ ಫೀಲರ್ ಗೇಜಿನ ತೆಳು ಉಕ್ಕಿನ ಎಲೆಗಳನ್ನು ತೂರಿಸಿದೆ. ಮಿತಿ 0.05 ಮಿ.ಮೀ. ಎರಡು ಮತ್ತು ಮೂರರ ನಡುವೆ 0.12ರ ಎಲೆ ಆರಾಮಾಗಿ ಹೋಯಿತು.

ಜೂನ್ 7

ಮರು ಅಳತೆ. ಒಂದನೇ ಸಿಲಿಂಡರ್ ಅತಿ ಜಾಸ್ತಿ 68.58, ಅತಿ ಕಡಿಮೆ 68.53. ಎರಡನೆಯದು 68.67 ಮತ್ತು 68.55. ಮೂರನೆಯದು 68.62 ಮತ್ತು 68.54. ಎರಡನೆಯದರಲ್ಲಿ ಮೇಲಿಂದ ಕೆಳಕ್ಕೆ 0.12 ವ್ಯತ್ಯಾಸ. 0.10 ದಾಟಿದರೆ ಬೋರಿಂಗ್, ಅಂದರೆ ಸಿಲಿಂಡರ್ ಕೊರೆದು ಅಗಲಿಸುವ ಕೆಲಸ, ಮಾಡಿಸಲೇಬೇಕು.

ಸವೆದ ರಿಂಗನ್ನು ಸಿಲಿಂಡರಿಗೆ ಹಾಕಿ, ಪಿಸ್ಟನ್ನಿನ ತಲೆಯಿಂದ ನೇರವಾಗಿ ಕೆಳಗೆ ದೂಡಿ, ಬಾಯಿಯ ಸಂದು ನೋಡಿದೆ. ಒಂದನೆಯದರಲ್ಲಿ 0.60, ಮೂರನೆಯದರಲ್ಲಿ 0.70. ಆಯಿಲ್ ರಿಂಗುಗಳು ಕಾರ್ಬನ್ ಹಿಡಿದು ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಂಡಿದ್ದವು.

ಕ್ರ್ಯಾಂಕ್ ಎತ್ತುವ ಮೊದಲು ನಾಲ್ಕು ಮೇನ್ ಬೇರಿಂಗುಗಳಲ್ಲೂ ಪ್ಲಾಸ್ಟಿಗೇಜ್ ಇಟ್ಟೆ. ಬೇರಿಂಗಿನ ಸಂದು ಅಳೆಯುವ, ಮೇಣದಂಥ ತೆಳು ದಾರ ಅದು. ಜರ್ನಲ್ (ಬೇರಿಂಗಿನಲ್ಲಿ ಕೂರುವ ಕ್ರ್ಯಾಂಕಿನ ಭಾಗ) ಮೇಲೆ ಒಂದು ತುಂಡು ಇಟ್ಟು, ಕ್ಯಾಪನ್ನು ಟಾರ್ಕ್ ರೆಂಚಿನಲ್ಲಿ ಬಿಗಿಸಿ, ಬಿಚ್ಚಿ, ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಯಿತು ಅಂತ ಅದರದೇ ಅಳತೆಪಟ್ಟಿಯಲ್ಲಿ ನೋಡಬೇಕು. ನಡುವೆ ಕ್ರ್ಯಾಂಕ್ ತಿರುಗಿಸಬಾರದು. ಮೊದಲನೆಯದರಲ್ಲಿ ಕ್ರ್ಯಾಂಕ್ ಸ್ವಲ್ಪ ತಿರುಗಿ ದಾರ ಬಳಿದುಹೋಯಿತು, ಮತ್ತೆ ಇಟ್ಟೆ. ನಾಲ್ಕೂ 0.05ರ ಆಸುಪಾಸು. ಮೇನ್ ಜರ್ನಲ್ ಬಚಾವ್.

ಎರಡನೇ ರಾಡ್ ಕೂರುವ ಕ್ರ್ಯಾಂಕ್ ಪಿನ್ ಬಚಾವಾಗಿರಲಿಲ್ಲ. ಎರಡು ದಿಕ್ಕಿನ ಅಳತೆಯಲ್ಲಿ 0.03 ವ್ಯತ್ಯಾಸ, ಮಿತಿ 0.01. ಉಗುರಿಗೆ ಗೀರೂ ಸಿಗುತ್ತಿತ್ತು.

ಜೂನ್ 8

ಬೆಳಿಗ್ಗೆ ಶೆಡ್ಡಿಗೆ ಹೋದರೆ ಮೂರೂ ಸಿಲಿಂಡರ್ ಕಿತ್ತಳೆ ಬಣ್ಣ. ಅಳೆಯಲೆಂದು ಪೆಟ್ರೋಲಿನಲ್ಲಿ ಒರೆಸಿದ್ದೆ, ಆಮೇಲೆ ಆಯಿಲ್ ಸವರಿರಲಿಲ್ಲ. ರಾತ್ರಿಯಿಡೀ ಮಳೆ. ಗೋವಾದ ಜೂನ್ ತಿಂಗಳ ತೇವಕ್ಕೆ ಬರೀ ಬೀಡು ಒಂದು ರಾತ್ರಿಯೂ ತಡೆಯುವುದಿಲ್ಲ. ಬೋರಿಂಗ್ ಹೇಗೂ ಇತ್ತು, ಹಾಗಾಗಿ ಇಲ್ಲಿ ನಷ್ಟ ಆಗಲಿಲ್ಲ. ಕ್ರ್ಯಾಂಕಿಗೆ ಮಾತ್ರ ರಾತ್ರಿಯೇ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತಿದ್ದೆ, ಅದು ಚೆನ್ನಾಗಿತ್ತು. ಈಗ ಯಾವ ಭಾಗ ಕೈಯಿಂದ ಕೆಳಗಿಟ್ಟರೂ ಆಯಿಲ್ ಬಟ್ಟೆಯಲ್ಲಿ ಒರೆಸಿಯೇ ಇಡುತ್ತೇನೆ, ಚಹಾ ಕುಡಿಯಲು ಎದ್ದರೂ ಸರಿ.

ಜೂನ್ 14

ಬಿಡಿಭಾಗ ಕೊಳ್ಳುವಾಗ ಒಂದು ಎಚ್ಚರಿಕೆ. 800ರ ತಯಾರಿಕೆ 2014ರಲ್ಲಿ ನಿಂತಿದ್ದರೂ ಓಮ್ನಿಯಲ್ಲೂ ಇದೇ ಕುಟುಂಬದ ಇಂಜಿನ್ ಇದ್ದುದರಿಂದ ಪಿಸ್ಟನ್, ರಿಂಗ್, ಬೇರಿಂಗ್ ಸುಲಭವಾಗಿ ಸಿಗುತ್ತವೆ. ಗ್ಯಾಸ್ಕೆಟ್ ಮಾತ್ರ ನೋಡಿ ತನ್ನಿ. 2000ದಲ್ಲಿ 800ಕ್ಕೆ ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ, 12 ವಾಲ್ವಿನ ಎಂಪಿಎಫ್‌ಐ ಇಂಜಿನ್ನೂ ಬಂತು. ನನ್ನದು 6 ವಾಲ್ವಿನದು. ಅಂಗಡಿಯಲ್ಲಿ 800ರ ಸೆಟ್ ಅಂತ ಕೇಳಿದೆ, 12 ವಾಲ್ವಿನದು ಕೊಟ್ಟರು, ನಾನೂ ತೆರೆದು ನೋಡದೆ ತಂದೆ. ಮನೆಯಲ್ಲಿ ಹಳೆಯದರ ಮೇಲಿಟ್ಟಾಗ ತೂತುಗಳು ಕೂಡಲಿಲ್ಲ. ಪ್ಯಾಕೆಟ್ ಹರಿದಿದ್ದಕ್ಕೆ ₹150 ಹಿಡಿದುಕೊಂಡು ಬದಲಿಸಿಕೊಟ್ಟರು. ಹಳೇ ಗ್ಯಾಸ್ಕೆಟ್ ಚೀಲದಲ್ಲಿ ಒಯ್ದಿದ್ದರೆ ಅದು ಉಳಿಯುತ್ತಿತ್ತು.

ಪಿಸ್ಟನ್ 0.25 ತರಬೇಕೋ, 0.50 ತರಬೇಕೋ? 0.25 ಆದರೆ ಬೋರ್ 68.75ಕ್ಕೆ ಹೋಗುತ್ತದೆ. ಎರಡನೇ ಸಿಲಿಂಡರ್ ಈಗಲೇ 68.67. ಒಂದೊಂದು ಬದಿಗೆ 0.04 ಮಾತ್ರ ಉಳಿಯಿತು. ಅಷ್ಟರಲ್ಲಿ ಗೀರು ಪೂರ್ತಿ ಹೋಗುವ ಭರವಸೆ ಇರಲಿಲ್ಲ. 0.50 ತಂದೆ.

ಬ್ಲಾಕ್, ಕ್ರ್ಯಾಂಕ್, ಹೆಡ್ ಮೂರನ್ನೂ ಸ್ನೇಹಿತನ ಟೆಂಪೋದಲ್ಲಿ ಮಡಗಾಂವಿನ ಮಷಿನ್ ಶಾಪಿಗೆ ಒಯ್ದೆ. ಹೊಸ ಪಿಸ್ಟನ್‌ಗಳನ್ನೂ ಜೊತೆಗೆ ಕೊಟ್ಟೆ. ಒಳ್ಳೆ ಮೇಸ್ತ್ರಿ ಪಿಸ್ಟನ್ ಕೈಗೆ ಬರದೆ ಬೋರಿಂಗ್ ಮಾಡುವುದಿಲ್ಲ, ಪ್ರತಿ ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಕೊರೆಯುತ್ತಾರೆ. ಅವರು ಕ್ರ್ಯಾಂಕನ್ನು ಹಗ್ಗಕ್ಕೆ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಗುಡಿಯ ಗಂಟೆಯ ಹಾಗೆ ನಾದ ಎಳೆಯಿತು. ಬಿರುಕಿದ್ದರೆ ಮಡಕೆ ಒಡೆದ ಸದ್ದು ಬರುತ್ತದಂತೆ.

ಜೂನ್ 28

ಎಲ್ಲ ವಾಪಸ್ ಬಂತು. ಸಿಲಿಂಡರಿನಲ್ಲಿ ಹೋನಿಂಗಿನ (ಕಲ್ಲಿನಿಂದ ಉಜ್ಜುವ ಕೆಲಸದ) ಅಡ್ಡಗೆರೆಗಳು ಚೆಂದವಾಗಿ ಬಿದ್ದಿವೆ. ಪಿಸ್ಟನ್ ಸಂದು 0.04. ಕ್ರ್ಯಾಂಕ್ ಪಿನ್‌ಗಳನ್ನು ಅಳತೆ 0.25 ಇಳಿಯುವಂತೆ ಗ್ರೈಂಡ್ ಮಾಡಿದ್ದಾರೆ, ಮೇನ್ ಜರ್ನಲ್‌ಗೆ ಪಾಲಿಶ್ ಮಾತ್ರ. ಹೆಡ್ಡಿನ ತಳ ಸಪಾಟು ಮಾಡುವ ಫೇಸಿಂಗ್ ಆಗಿ ಅದು ಕನ್ನಡಿಯಂತಿತ್ತು. ಮನೆಯಲ್ಲಿ ಸ್ಟ್ರೇಟ್ ಎಡ್ಜ್ ಇಟ್ಟರೆ 0.03ರ ಎಲೆಯೂ ಹೋಗಲಿಲ್ಲ.

ಜೂನ್ 29

ವಾಲ್ವ್ ಬಿಚ್ಚಿದೆ. ಸ್ಪ್ರಿಂಗ್ ಒತ್ತಲು ಸಿ ಕ್ಲಾಂಪಿಗೆ ಬದಿ ಕತ್ತರಿಸಿದ ಪೈಪ್ ತುಂಡು ವೆಲ್ಡ್ ಮಾಡಿಸಿದ್ದೆ. ಮೊದಲ ವಾಲ್ವಿನಲ್ಲೇ ಕ್ಲಾಂಪ್ ಜಾರಿ, ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಸಣ್ಣ ಲಾಕ್ ಹಾರಿಹೋಯಿತು. ಇನ್ನೂ ಸಿಕ್ಕಿಲ್ಲ. ಆಮೇಲೆ ಮೇಲೊಂದು ಟವೆಲ್ ಮುಚ್ಚಿ ಬಿಚ್ಚಿದೆ. ಆರು ವಾಲ್ವನ್ನೂ ಮೊಟ್ಟೆಯ ಟ್ರೇನಲ್ಲಿ ನಂಬರ್ ಹಾಕಿ ಇಟ್ಟೆ. ಸ್ಪ್ರಿಂಗ್‌ಗಳನ್ನು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿ ಮೇಲೆ ಸ್ಕೇಲ್ ಇಟ್ಟೆ, ಎಲ್ಲ ಒಂದೇ ಎತ್ತರ. ವಾಲ್ವ್ ಸೀಲುಗಳು ಪ್ಲಾಸ್ಟಿಕ್ಕಿನಂತೆ ಗಟ್ಟಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತಿದ್ದುದಕ್ಕೆ ಇದೂ ಕಾರಣ.

ಅಂದು ಸಂಜೆ ನಮ್ಮ ಓಣಿಯ ಹಿರಿಯರೊಬ್ಬರು ಬಂದರು. ಗದಗಿನ ಕಡೆಯವರು. ಅದಿರು ಗಣಿಗಾರಿಕೆ ಜೋರಾಗಿದ್ದಾಗ ಉಸಗಾಂವ ಕಡೆ ಲಾರಿ ಇಂಜಿನ್ ಕಟ್ಟುತ್ತಿದ್ದರು, 2012ರಲ್ಲಿ ಗಣಿ ನಿಂತ ಮೇಲೆ ಕೆಲಸ ಬಿಟ್ಟರು. ಹೆಡ್ ನೋಡಿದವರೇ, "ಬಿರುಕು ನೋಡಿದಿಯೇನಪಾ?" ಅಂದರು. ನೋಡಿರಲಿಲ್ಲ. ಫೇಸಿಂಗ್ ಚೆನ್ನಾಗಿ ಬಂದಿದೆ ಅಂತ ಸಮಾಧಾನದಲ್ಲಿದ್ದೆ.

ಅವರು ಮನೆಯಿಂದ ಸೀಮೆಎಣ್ಣೆ ತಂದರು. ಈಗ ಅದು ಸಿಗುವುದೇ ಕಷ್ಟ, ಒಂದು ಬಾಟಲಿ ಜೋಪಾನ ಮಾಡಿಟ್ಟಿದ್ದಾರೆ. ವಾಲ್ವ್ ಸೀಟಿನ ಸುತ್ತ ಸೀಮೆಎಣ್ಣೆ ಬಳಿದು ಅರ್ಧ ಗಂಟೆ ಬಿಟ್ಟೆವು. ಪೂರ್ತಿ ಒರೆಸಿ, ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿದೆವು. ಬಿರುಕಿನೊಳಗೆ ಇಳಿದ ಎಣ್ಣೆ ಪುಡಿಗೆ ಹೀರಿಕೊಂಡು ಗೆರೆಯಾಗಿ ಕಾಣುತ್ತದೆ. ಒಂದು, ಮೂರು ಬಿಳಿಯಾಗೇ ಉಳಿದವು. ಎರಡನೇ ಸಿಲಿಂಡರಿನಲ್ಲಿ ಎರಡು ವಾಲ್ವ್ ಸೀಟುಗಳ ನಡುವೆ ನಿಧಾನವಾಗಿ ಒಂದು ಕಪ್ಪು ಗೆರೆ ಮೂಡಿತು. ಸೀಟಿನಿಂದ ಸೀಟಿಗೆ.

ಪುಡಿ ಒರೆಸಿ ಇನ್ನೊಮ್ಮೆ ಮಾಡಿದೆವು. ಅದೇ ಜಾಗ, ಅದೇ ಗೆರೆ.

ಬಿರುಕಿನ ಪರೀಕ್ಷೆಗೆ ಹಿಡಿಯುವುದು ಒಂದು ಗಂಟೆ, ಖರ್ಚು ಹತ್ತು ರೂಪಾಯಿಯೂ ಇಲ್ಲ. ಅದನ್ನು ಮೇ 17ರಂದು, ಹೆಡ್ ಬಿಚ್ಚಿದ ದಿನವೇ ಮಾಡಬೇಕಿತ್ತು. ನಾನು ಮೊದಲು ₹800 ಕೊಟ್ಟು ಫೇಸಿಂಗ್ ಮಾಡಿಸಿದೆ, ಆಮೇಲೆ ಬಿರುಕು ನೋಡಿದೆ. ಈ ಇಡೀ ಕೆಲಸದಲ್ಲಿ ನನ್ನ ದೊಡ್ಡ ತಪ್ಪು ಇದೇ. ಮೊದಲು ಬಿರುಕು, ಆಮೇಲೆ ಸೊಟ್ಟ, ಆಮೇಲೆ ವಾಲ್ವ್ ಸೀಟು, ಕೊನೆಗೆ ಫೇಸಿಂಗ್. ಹೆಡ್ಡಿನ ಕೆಲಸ ಈ ಕ್ರಮದಲ್ಲೇ ಆಗಬೇಕು.

ಇಲ್ಲಿಯವರೆಗಿನ ಖರ್ಚು

ಗಾಡಿ ಎಳೆದು ತಂದಿದ್ದು ₹2,500. ಕಂಪ್ರೆಷನ್ ಗೇಜ್ ₹850. ಚೈನ್ ಬ್ಲಾಕ್ ಎರಡು ದಿನಕ್ಕೆ ₹600. ಪ್ಲಾಸ್ಟಿಗೇಜ್ ₹350. ಗ್ಯಾಸ್ಕೆಟ್ ಸೆಟ್, ದಂಡ ಸೇರಿ ₹1,250. ಪಿಸ್ಟನ್ ಮತ್ತು ರಿಂಗ್ ₹3,400. ಮೇನ್ ಬೇರಿಂಗ್ ಹಾಗೂ 0.25ರ ಬಿಗ್ ಎಂಡ್ (ರಾಡಿನ) ಬೇರಿಂಗ್ ₹1,250. ಕೋರ್ ಪ್ಲಗ್ ಸೆಟ್ ₹200. ಬೋರಿಂಗ್, ಹೋನಿಂಗ್ ₹1,200. ಕ್ರ್ಯಾಂಕ್ ಗ್ರೈಂಡಿಂಗ್ ₹1,500. ವ್ಯರ್ಥವಾದ ಫೇಸಿಂಗ್ ₹800. ಡೀಸೆಲ್, ಪೆಟ್ರೋಲ್, ಎಮರಿ, ಚೀಲ, ಟೇಪ್ ಎಲ್ಲ ಸೇರಿ ₹700. ಒಟ್ಟು ₹14,600.

ಈಗಿನ ಸ್ಥಿತಿ

ಬಿರುಕಿಗೆ ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಬಹುದು ಅಂತ ಮಷಿನ್ ಶಾಪಿನವರು ಹೇಳಿದರು. ಆದರೆ ಎರಡು ಸೀಟುಗಳ ನಡುವೆ ಇರುವ ಲೋಹವೇ ಕಡಿಮೆ. ವೆಲ್ಡ್ ಆದ ಮೇಲೆ ಸೀಟು ಹೊಸದಾಗಿ ಕೂರಿಸಬೇಕು, ಮತ್ತೆ ಫೇಸಿಂಗ್ ಮಾಡಿಸಬೇಕು. ಅದರ ಬದಲು ಒಳ್ಳೆಯ ಹಳೇ ಹೆಡ್ ಸಿಕ್ಕರೆ ವಾಸಿ ಅಂತ ಗದಗಿನ ಹಿರಿಯರೂ ಹೇಳುತ್ತಾರೆ, ನನಗೂ ಅದೇ ಸರಿ ಅನಿಸುತ್ತದೆ. ಮಡಗಾಂವ್, ವಾಸ್ಕೋ ಎರಡೂ ಕಡೆ ಹುಡುಕಿದೆ. ಸಿಕ್ಕಿದ್ದೊಂದು 12 ವಾಲ್ವಿನದು, ಇನ್ನೊಂದರಲ್ಲಿ ಪ್ಲಗ್ ಕೂರುವ ತೂತಿನ ಥ್ರೆಡ್ ಹೋಗಿತ್ತು. ಬೆಳಗಾವಿಯಲ್ಲಿ ಒಂದು ಗುಜರಿ ಅಂಗಡಿಯವರು ಎರಡು ಹೆಡ್ ಇಟ್ಟುಕೊಂಡಿದ್ದಾರೆ ಅಂತ ಫೋನಿನಲ್ಲಿ ಹೇಳಿದ್ದಾರೆ.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತೇನೆ. ಚೀಲದಲ್ಲಿ ಹಳೇ ಗ್ಯಾಸ್ಕೆಟ್, ಸ್ಟ್ರೇಟ್ ಎಡ್ಜ್, ಫೀಲರ್ ಗೇಜ್, ಒಂದು ಡಬ್ಬಿ ಸೀಮೆಸುಣ್ಣ ಈಗಾಗಲೇ ಇಟ್ಟಿದ್ದೇನೆ. ಸೀಮೆಎಣ್ಣೆ ಹಚ್ಚುವ ಅರ್ಧ ಗಂಟೆ ಅಂಗಡಿಯಲ್ಲೇ ಕೂರಲು ಬಿಡುತ್ತೀರಾ ಅಂತ ಮೊದಲೇ ಕೇಳಿದೆ. ಬನ್ನಿ ಅಂದಿದ್ದಾರೆ. ಅಲ್ಲಿಯವರೆಗೆ ಬ್ಲಾಕಿಗೆ ಆಯಿಲ್ ಬಳಿದು, ಮೂರೂ ಸಿಲಿಂಡರಿಗೆ ಬಟ್ಟೆ ತುರುಕಿ, ಮೇಲೆ ಎರಡು ಪದರ ಪ್ಲಾಸ್ಟಿಕ್ ಕಟ್ಟಿಟ್ಟಿದ್ದೇನೆ. ಹೊರಗೆ ಮಳೆ ಬಿಟ್ಟಿಲ್ಲ.